ಟೋನರ್ ಪುಡಿಯ ಹಿಂದಿನ ಮನುಷ್ಯ: ಚೆಸ್ಟರ್ ಕಾರ್ಲ್‌ಸನ್



ಸಮೀರವಾಡಿಯ ಸಕ್ಕರೆ ಕಾರ್ಖಾನೆಯ ಸುತ್ತಲಿನ ಊರುಗಳಿಂದ ಐ.ಟಿ.ಐ., ಡಿಪ್ಲೊಮಾ ಓದಲು ಹೋಗುವ ನಿಮ್ಮಲ್ಲಿ ಕೆಲವರಾದರೂ ಮನೆಯಲ್ಲೇ ಸರ್ಕಿಟ್ ಬೋರ್ಡ್ ಮಾಡಿರಬಹುದು. ನಕ್ಷೆಯನ್ನು ನುಣುಪು ಕಾಗದದ ಮೇಲೆ ಲೇಸರ್ ಪ್ರಿಂಟ್ ತೆಗೆಸಿ, ತಾಮ್ರದ ಬೋರ್ಡಿನ ಮೇಲೆ ಬೋರಲು ಇಟ್ಟು, ಬಿಸಿ ಇಸ್ತ್ರಿ ಪೆಟ್ಟಿಗೆಯಿಂದ ಒತ್ತುತ್ತೀರಿ. ನೀರಿನಲ್ಲಿ ನೆನೆಸಿ ಕಾಗದ ಸುಲಿದರೆ ಕಪ್ಪು ಗೆರೆಗಳು ತಾಮ್ರಕ್ಕೆ ಅಂಟಿರುತ್ತವೆ. ಆ ಕಪ್ಪು ಪುಡಿಯಿಂದ ಅಚ್ಚು ತೆಗೆಯುವ ವಿದ್ಯೆ ಕೊಟ್ಟವರ ಬಾಳು ನಿಮಗೆ ಗೊತ್ತಿರಬೇಕು.

ಚೆಸ್ಟರ್ ಕಾರ್ಲ್‌ಸನ್ 1906ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಹುಟ್ಟಿದರು. ತಂದೆಗೆ ಕ್ಷಯ ಮತ್ತು ಸಂಧಿವಾತ. ಹೈಸ್ಕೂಲಿನಲ್ಲಿದ್ದಾಗಲೇ ಮನೆ ನಡೆಸುವ ಭಾರ ಹುಡುಗನ ಮೇಲೆ ಬಿತ್ತು. ಹದಿನೇಳನೆಯ ವಯಸ್ಸಿಗೆ ತಾಯಿಯೂ ಕ್ಷಯದಿಂದ ತೀರಿಕೊಂಡರು. ದುಡಿಯುತ್ತಲೇ ಓದಿ 1930ರಲ್ಲಿ ಭೌತಶಾಸ್ತ್ರದ ಪದವಿ ಪಡೆದರು. 82 ಕಂಪನಿಗಳಿಗೆ ಅರ್ಜಿ ಹಾಕಿದರೂ ಒಂದೂ ಕೈಹಿಡಿಯಲಿಲ್ಲ. ಕೊನೆಗೆ ಬೆಲ್ ಲ್ಯಾಬ್ಸ್‌ನಲ್ಲಿ ಸಿಕ್ಕ ಕೆಲಸವೂ 1933ರಲ್ಲಿ ಹೋಯಿತು.

ಬಳಿಕ ಮತ್ತೊಂದು ಕಂಪನಿಯ ಪೇಟೆಂಟ್ ವಿಭಾಗ ಸೇರಿದರು. ರಾತ್ರಿ ಕಾನೂನು ಓದು. ಪುಸ್ತಕ ಕೊಳ್ಳಲು ಹಣವಿಲ್ಲದೆ ಗ್ರಂಥಾಲಯದಲ್ಲಿ ಕುಳಿತು ಪುಟಗಟ್ಟಲೆ ಕೈಯಲ್ಲೇ ನಕಲು ಮಾಡಿಕೊಳ್ಳುತ್ತಿದ್ದರು. ತಂದೆಯ ಸಂಧಿವಾತ ಅವರಿಗೂ ಬಂದಿತ್ತು. ನಕಲು ಸುಲಭವಾಗಲಿ ಎಂಬ ಆಸೆ ಹುಟ್ಟಿದ್ದು ಆ ನೋಯುವ ಬೆರಳುಗಳಿಂದಲೇ ಎನ್ನಬಹುದು.

ಮೊದಲ ಪ್ರಯೋಗಗಳು ಮನೆಯ ಅಡುಗೆಕೋಣೆಯಲ್ಲಿ. ಗಂಧಕದ ವಾಸನೆ ಬೇರೆ! ನಂತರ ಅಸ್ಟೋರಿಯಾದಲ್ಲಿ ಬಾಡಿಗೆ ಕೋಣೆ ಹಿಡಿದರು. 1938ರ ಅಕ್ಟೋಬರ್ 22ರಂದು, ಆಸ್ಟ್ರಿಯಾದಿಂದ ವಲಸೆ ಬಂದಿದ್ದ ಸಹಾಯಕ ಓಟ್ಟೊ ಕೋರ್ನೈ ಗಾಜಿನ ಮೇಲೆ ಶಾಯಿಯಿಂದ ಆ ದಿನದ ತಾರೀಖು, ಊರಿನ ಹೆಸರು ಬರೆದರು. ಗಂಧಕ ಲೇಪಿಸಿದ ಸತುವಿನ ತಗಡನ್ನು ಕರವಸ್ತ್ರದಿಂದ ಉಜ್ಜಿ ವಿದ್ಯುದಾವೇಶ ಕೊಟ್ಟು, ಗಾಜನ್ನು ಅದರ ಮೇಲಿಟ್ಟು ಬೆಳಕು ಬಿಟ್ಟರು. ಬೆಳಕು ಬಿದ್ದಲ್ಲಿ ಆವೇಶ ಹೋಯಿತು, ಅಕ್ಷರದ ನೆರಳಿನಲ್ಲಿ ಉಳಿಯಿತು. ನಯವಾದ ಪುಡಿ ಉದುರಿಸಿ ಊದಿದಾಗ ಅಕ್ಷರಗಳು ಎದ್ದು ಕಂಡವು. ಮೇಣದ ಕಾಗದ ಒತ್ತಿ ಬಿಸಿ ಮಾಡಿದಾಗ ಅವು ಕಾಗದಕ್ಕೆ ಇಳಿದವು. ನೀವು ಇಸ್ತ್ರಿಯಿಂದ ಮಾಡುವುದೂ ಹೆಚ್ಚುಕಡಿಮೆ ಇದನ್ನೇ.

ಆದರೆ ಇಪ್ಪತ್ತಕ್ಕೂ ಹೆಚ್ಚು ಕಂಪನಿಗಳು ಅದನ್ನು ಬೇಡವೆಂದವು. 1942ರಲ್ಲಿ ಪೇಟೆಂಟ್ ಸಿಕ್ಕಿತು. 1944ರಲ್ಲಿ ಬ್ಯಾಟೆಲ್ ಸಂಸ್ಥೆ, ನಂತರ ಹ್ಯಾಲಾಯ್ಡ್ ಎಂಬ ಸಣ್ಣ ಕಂಪನಿ ಕೈಜೋಡಿಸಿದವು. ಈ ಹ್ಯಾಲಾಯ್ಡೇ ಮುಂದೆ ಜೆರಾಕ್ಸ್ ಆಯಿತು. ಅದರ 914 ಯಂತ್ರ ಬಂದದ್ದು 1959ರಲ್ಲಿ, ಅಂದರೆ ಇಪ್ಪತ್ತೊಂದು ವರ್ಷಗಳ ಮೇಲೆ.

ಟೋನರ್ ಎಂದರೆ ಮುಖ್ಯವಾಗಿ ಪ್ಲಾಸ್ಟಿಕ್ ಪುಡಿ. ಬಿಸಿಗೆ ಕರಗಿ ತಾಮ್ರಕ್ಕೆ ಅಂಟುತ್ತದೆ. ಫೆರಿಕ್ ಕ್ಲೋರೈಡ್ ತೆರೆದ ತಾಮ್ರವನ್ನು ತಿನ್ನುವಾಗ ಟೋನರಿನ ಕೆಳಗಿನದು ಉಳಿಯುತ್ತದೆ. ಇಂಕ್‌ಜೆಟ್ ಶಾಯಿಯಿಂದ ಇದಾಗದು. ತಾಮ್ರದ ಮೇಲೆ ಅಕ್ಷರ ನೇರವಾಗಿ ಬರಬೇಕಾದರೆ ಕಾಗದದಲ್ಲಿ ಅದು ತಿರುವುಮುರುವಾಗಿರಬೇಕೆಂಬುದನ್ನು ಮರೆಯಬೇಡಿ. ದ್ರಾವಣಕ್ಕೆ ಪ್ಲಾಸ್ಟಿಕ್ ತಟ್ಟೆಯೇ ಬೇಕು, ಕೈಗೆ ಗವಸು, ಕಣ್ಣಿಗೆ ಕನ್ನಡಕ, ಅಡುಗೆಮನೆಯಿಂದ ದೂರವಿರಲಿ.

ಕಾರ್ಲ್‌ಸನ್ 1968ರಲ್ಲಿ ತೀರಿಕೊಂಡರು. ಅಷ್ಟರಲ್ಲಿ ಸುಮಾರು 10 ಕೋಟಿ ಡಾಲರ್ ದಾನ ಮಾಡಿದ್ದರು, ಅದರಲ್ಲಿ ಬಹುಪಾಲು ತಮ್ಮ ಹೆಸರು ಹೇಳಿಕೊಳ್ಳದೆ.