ಸ್ಟೀಫನ್ ಹಿಸ್ಲಪ್ ಪಾದ್ರಿಯವರ ಜೀವಿತ

ಮಾಕಳಿದುರ್ಗದ ಸೀಮೆಯ ಗ್ರಾನೈಟ್ ಬಂಡೆಗಳು ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯವೆಂದು ತರಗತಿಯಲ್ಲಿ ಕಲಿತ ಬಾಲಕಿಯು ಮನೆಗೆ ಹೋಗಿ ಸತ್ಯವೇದದ ಮೊದಲನೆಯ ಅಧ್ಯಾಯವನ್ನು ತೆರೆದಾಗ ಅವಳಲ್ಲಿ ಸಂದೇಹ ಹುಟ್ಟುವುದು ಸಹಜ. ಆರು ದಿನಗಳ ಸೃಷ್ಟಿಯೆಲ್ಲಿ, ಈ ಕೋಟಿಗಳೆಲ್ಲಿ? ಆ ಪ್ರಶ್ನೆಯಿಂದ ಕಳವಳಗೊಳ್ಳುವ ತಾಯಿತಂದೆಗಳಿಗೂ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ನಾಗಪುರದ ಮಿಷನರಿ ಹಿಸ್ಲಪ್ ಅವರ ಜೀವಿತವನ್ನು ತಿಳಿಸಲು ಅಪೇಕ್ಷಿಸುತ್ತೇನೆ.

ಇವರು 1817ರಲ್ಲಿ ಸ್ಕಾಟ್ಲೆಂಡಿನ ಡನ್ಸ್ ಎಂಬ ಊರಿನಲ್ಲಿ ಜನಿಸಿದರು. ದೈವಜ್ಞಾನಶಾಸ್ತ್ರವನ್ನು ಅಭ್ಯಾಸಮಾಡಿ, ಫ್ರೀ ಚರ್ಚ್ ಸಭೆಯ ಮಿಷನರಿಯಾಗಿ 1845ರಲ್ಲಿ ನಾಗಪುರಕ್ಕೆ ಬಂದರು. ಅಲ್ಲಿ ಶಾಲೆಯನ್ನು ಸ್ಥಾಪಿಸಿ, ಹಳ್ಳಿಹಳ್ಳಿಗೂ ಹೋಗಿ ಸುವಾರ್ತೆಯನ್ನು ಸಾರಿದರು. ದಾರಿಯಲ್ಲಿ ಕಂಡ ಕಲ್ಲುಗಳನ್ನು ಪರೀಕ್ಷಿಸುವುದೂ ಅವರ ವಾಡಿಕೆಯಾಗಿತ್ತು.

ಆ ಕಾಲದ ಇಂಗ್ಲಿಷ್ ಸತ್ಯವೇದಗಳ ಅಂಚಿನಲ್ಲಿ ಸೃಷ್ಟಿಯ ವರ್ಷವು ಕ್ರಿ.ಪೂ. 4004 ಎಂದು ಅಚ್ಚಾಗುತ್ತಿತ್ತು. ಇದು ಮೂಲಗ್ರಂಥದ ಮಾತಲ್ಲ. 1650ರಲ್ಲಿ ಐರ್ಲೆಂಡಿನ ಆರ್ಚ್‌ಬಿಷಪ್ ಅಷರ್ ಎಂಬವರು ವಂಶಾವಳಿಗಳಿಂದಲೂ ಪುರಾತನ ಚರಿತ್ರೆಗಳಿಂದಲೂ ಪ್ರಕಟಿಸಿದ ಲೆಕ್ಕ. ಹಿಸ್ಲಪ್ ಅವರ ಸಭೆಯಲ್ಲಿಯೇ ಬೇರೆ ಅಭಿಪ್ರಾಯಗಳಿದ್ದವು. 1843ರಲ್ಲಿ ಆ ಸಭೆಯ ಪ್ರಥಮಾಧ್ಯಕ್ಷರಾದ ಥಾಮಸ್ ಚಾಲ್ಮರ್ಸ್ ಅವರು ಆದಿಕಾಂಡದ ಮೊದಲೆರಡು ವಚನಗಳ ನಡುವೆ ಅಪಾರ ಕಾಲ ಕಳೆದಿರಬಹುದೆಂದು ಬೋಧಿಸಿದ್ದರು. ಅದೇ ಸಭೆಯವರಾದ, ಮೊದಲು ಕಲ್ಲುಕುಟಿಗರಾಗಿದ್ದ ಹ್ಯೂ ಮಿಲ್ಲರ್ ಅವರು ಸೃಷ್ಟಿಯ ದಿನಗಳನ್ನು ದೀರ್ಘ ಯುಗಗಳೆಂದು ವಿವರಿಸಿದರು.

ನಮ್ಮ ಸೀಮೆಯ ಗ್ರಾನೈಟ್ ಭೂಮಿಯ ಒಡಲಿನಲ್ಲಿ ಕರಗಿದ ಶಿಲಾರಸವು ಆರಿ ಗಟ್ಟಿಯಾದದ್ದು. ಅದರಲ್ಲಿ ಜೀವಿಗಳ ಗುರುತು ಸಿಕ್ಕುವುದಿಲ್ಲ. ನಾಗಪುರದ ನೆಲವಾದರೋ ಬೇರೆ. 1851ರಲ್ಲಿ ತಾಕ್ಲಿ ಎಂಬಲ್ಲಿ ಹಿಸ್ಲಪ್ ಅವರಿಗೂ ಸಹೋದ್ಯೋಗಿ ರಾಬರ್ಟ್ ಹಂಟರ್ ಅವರಿಗೂ ಜ್ವಾಲಾಮುಖಿಯ ಎರಡು ಶಿಲಾಸ್ತರಗಳ ನಡುವೆ ಸಿಹಿನೀರಿನ ಚಿಪ್ಪುಗಳು ದೊರೆತವು. ಕೆಳಗಿನ ಶಿಲೆ ಆರಬೇಕು, ಅದರ ಮೇಲೆ ನೀರು ನಿಲ್ಲಬೇಕು, ಅದರಲ್ಲಿ ಜೀವಿಗಳು ಬಾಳಿ ಅಳಿಯಬೇಕು, ತರುವಾಯ ಮತ್ತೆ ಶಿಲಾರಸ ಹರಿಯಬೇಕು. ಒಂದು ದಿನದಲ್ಲಿ ಆಗತಕ್ಕ ಕಾರ್ಯವೇ ಇದು? ಕಾಮಠಿಯ ಸುತ್ತಲಿನ ಮರಳುಗಲ್ಲಿನಲ್ಲಿ ಗ್ಲಾಸಾಪ್ಟೆರಿಸ್ ಎಂಬ ಗಿಡದ ಎಲೆಗಳ ಅಚ್ಚುಗಳೂ ಸಿಕ್ಕಿದವು. ಇವು ಸುಮಾರು 25 ಕೋಟಿ ವರ್ಷಗಳಿಗೂ ಹಿಂದಿನವು. ಅದೇ ಜಾತಿಯ ಎಲೆಗಳು ಆಫ್ರಿಕ, ಆಸ್ಟ್ರೇಲಿಯಗಳಲ್ಲಿಯೂ ಇರುವುದರಿಂದ ಈ ಭೂಖಂಡಗಳು ಒಮ್ಮೆ ಒಂದಾಗಿದ್ದವೆಂದು ಪಂಡಿತರು ಅರಿತರು.

ತಾವು ಕಂಡದ್ದನ್ನು ಹಿಸ್ಲಪ್ ಅವರು ಬಚ್ಚಿಡಲಿಲ್ಲ. ಲಂಡನ್ನಿನ ಭೂಗರ್ಭಶಾಸ್ತ್ರ ಸಂಘದ ಪತ್ರಿಕೆಯಲ್ಲಿ 1855ರಲ್ಲಿ ಇಬ್ಬರು ಮಿಷನರಿಗಳೂ ಕೂಡಿ ಅದನ್ನು ಪ್ರಕಟಿಸಿದರು. ಬೋಧನೆಯನ್ನೂ ಬಿಡಲಿಲ್ಲ. 1863ರ ಸೆಪ್ಟೆಂಬರ್ 4ರಂದು, ಟಾಕಳಘಾಟಿನ ಪುರಾತನ ಶಿಲಾವೃತ್ತಗಳನ್ನು ನೋಡಿ ಹಿಂದಿರುಗುವಾಗ, ಪ್ರವಾಹ ಬಂದಿದ್ದ ಹೊಳೆಯಲ್ಲಿ ಮುಳುಗಿ ತೀರಿಕೊಂಡರು. ಆಗ ಅವರಿಗೆ ನಲವತ್ತಾರು ವರ್ಷಗಳೂ ತುಂಬಿರಲಿಲ್ಲ. ನಾಗಪುರದ ಹಿಸ್ಲಪ್ ಕಾಲೇಜು ಅವರ ಹೆಸರನ್ನು ಹೊತ್ತಿದೆ.

ಪ್ರಿಯ ಪೋಷಕರೇ, ಮಗಳು ಇಂಥ ಪ್ರಶ್ನೆಯನ್ನು ತಂದಾಗ ಗದರಿಸಬೇಡಿರಿ. ಗದರಿಸಿದರೆ ಅವಳು ಪ್ರಶ್ನೆಯನ್ನು ಬಿಡುವುದಿಲ್ಲ. ನಿಮ್ಮನ್ನು ಕೇಳುವುದನ್ನು ಬಿಡುತ್ತಾಳೆ. ಸೃಷ್ಟಿಕರ್ತನು ಯಾರೆಂಬುದು ಸತ್ಯವೇದದ ಬೋಧನೆ; ಕಲ್ಲಿನ ವಯಸ್ಸನ್ನು ತಿಳಿಯಲು ಕಲ್ಲನ್ನೇ ಪರೀಕ್ಷಿಸಬೇಕು. ಹದಿನೆಂಟು ವರ್ಷ ಒಂದು ಕೈಯಲ್ಲಿ ಸತ್ಯವೇದವನ್ನೂ ಇನ್ನೊಂದರಲ್ಲಿ ಸುತ್ತಿಗೆಯನ್ನೂ ಹಿಡಿದು ನಡೆದ ಈ ಸೇವಕರು ಎರಡರಲ್ಲಿ ಒಂದನ್ನೂ ಕೆಳಗಿಡಲಿಲ್ಲ.