ಬಟಾಣಿ ಎಣಿಸಿದ ಧರ್ಮಗುರು ಗ್ರೆಗೋರ್ ಮೆಂಡೆಲ್

ಅನುವಂಶೀಯತೆಯ ಪಿತಾಮಹ ಗ್ರೆಗೋರ್ ಮೆಂಡೆಲ್ ಕಥೋಲಿಕ ಧರ್ಮಗುರುಗಳಾಗಿದ್ದರು ಎಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತು. ಅವರಿಗೆ ಆ ಕೀರ್ತಿ ತಂದುಕೊಟ್ಟದ್ದು ತಾಳ್ಮೆಯ ಎಣಿಕೆ ಎಂಬುದು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ.

ಮೆಂಡೆಲ್ 1822ರಲ್ಲಿ, ಅಂದು ಆಸ್ಟ್ರಿಯಾ ಸಾಮ್ರಾಜ್ಯಕ್ಕೆ ಸೇರಿದ್ದ, ಇಂದು ಚೆಕ್ ಗಣರಾಜ್ಯದಲ್ಲಿರುವ ಒಂದು ಹಳ್ಳಿಯ ರೈತ ಕುಟುಂಬದಲ್ಲಿ ಜನಿಸಿದರು. ಓದಿಗೆ ಹಣ ಸಾಲದಾದಾಗ ತಂಗಿ ತೆರೇಸಿಯಾ ತನ್ನ ಮದುವೆಗೆಂದು ಇಟ್ಟಿದ್ದ ಪಾಲಿನಲ್ಲಿ ಒಂದಂಶವನ್ನು ಕೊಟ್ಟಳು. 1843ರಲ್ಲಿ ಬ್ರನೋ ನಗರದ ಸಂತ ತೋಮಸರ ಅಗಸ್ಟೀನಿಯನ್ ಮಠವನ್ನು ಸೇರಿದ ಅವರು 1847ರಲ್ಲಿ ಗುರುದೀಕ್ಷೆ ಪಡೆದರು. 1850ರಲ್ಲಿ ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ ಅನುತ್ತೀರ್ಣರಾದರು. ಮಠಾಧಿಪತಿಗಳು ಕೈಬಿಡಲಿಲ್ಲ, ಹೆಚ್ಚಿನ ವ್ಯಾಸಂಗಕ್ಕಾಗಿ ಅವರನ್ನು ವಿಯೆನ್ನಾ ವಿಶ್ವವಿದ್ಯಾಲಯಕ್ಕೆ ಕಳುಹಿಸಿದರು. ಅಲ್ಲಿ ಕಲಿತ ಭೌತಶಾಸ್ತ್ರ ಮತ್ತು ಗಣಿತ ಮುಂದೆ ಮಠದ ತೋಟದಲ್ಲಿ ಫಲ ನೀಡಿದವು.

1856ರಿಂದ 1863ರವರೆಗೆ ಮೆಂಡೆಲ್ ಸಾವಿರಾರು ಬಟಾಣಿ ಗಿಡಗಳನ್ನು ಬೆಳೆಸಿ ಏಳು ಗುಣಗಳನ್ನು ಗಮನಿಸಿದರು. ದುಂಡನೆಯ ಬೀಜದ ತಳಿಯನ್ನು ಸುಕ್ಕುಗಟ್ಟಿದ ಬೀಜದ ತಳಿಯೊಂದಿಗೆ ಬೆರೆಸಿದಾಗ ಮೊದಲ ಪೀಳಿಗೆಯಲ್ಲಿ ಬಂದದ್ದೆಲ್ಲ ದುಂಡನೆಯ ಬೀಜ. ಎರಡನೆಯ ಪೀಳಿಗೆಯಲ್ಲಿ ಸುಕ್ಕು ಮರಳಿ ಕಾಣಿಸಿತು. ಒಂದು ಗಿಡದಲ್ಲಿ ದುಂಡನೆಯವು 43, ಸುಕ್ಕಿನವು ಕೇವಲ 2. ಇನ್ನೊಂದರಲ್ಲಿ 14 ಮತ್ತು 15. ಒಂದೆರಡು ಗಿಡ ನೋಡಿದವರಿಗೆ ಇದರಲ್ಲಿ ಯಾವ ನಿಯಮವೂ ಕಾಣದು. ಮೆಂಡೆಲ್ ಒಟ್ಟು 7324 ಬೀಜಗಳನ್ನು ಎಣಿಸಿದರು: ದುಂಡನೆಯವು 5474, ಸುಕ್ಕಿನವು 1850. ಅಂದರೆ ಹೆಚ್ಚುಕಡಿಮೆ ಮೂರಕ್ಕೆ ಒಂದು.

ಎರಡು ನಾಣ್ಯಗಳನ್ನು ಒಟ್ಟಿಗೆ ಚಿಮ್ಮಿದರೆ ಎರಡೂ ಹಿಂಬದಿಯಾಗಿ ಬೀಳುವ ಸಂಭವ ನಾಲ್ಕರಲ್ಲಿ ಒಂದು. ಅದೇ ರೀತಿ ತಾಯಿ ಗಿಡದಿಂದ ಒಂದು, ತಂದೆ ಗಿಡದಿಂದ ಒಂದು ಅಂಶ ಆಕಸ್ಮಿಕವಾಗಿ ಬಂದು ಸೇರುತ್ತವೆ. ಎರಡೂ ಸುಕ್ಕಿನ ಅಂಶಗಳಾದಾಗ ಮಾತ್ರ ಬೀಜ ಸುಕ್ಕಾಗುತ್ತದೆ ಎಂದು ಅವರು ತರ್ಕಿಸಿದರು. 1865ರಲ್ಲಿ ಇದನ್ನು ವಿದ್ವಾಂಸರ ಮುಂದಿಟ್ಟರು, 1866ರಲ್ಲಿ ಪ್ರಬಂಧ ಅಚ್ಚಾಯಿತು. ಅದರ ಮಹತ್ವವನ್ನು ಅರಿತವರಿಲ್ಲ. 1868ರಲ್ಲಿ ಮೆಂಡೆಲ್ ಮಠಾಧಿಪತಿಗಳಾದರು. ಮಠದ ಮೇಲಿನ ತೆರಿಗೆಯ ವಿಚಾರದಲ್ಲಿ ಸರಕಾರದೊಂದಿಗೆ ಹೋರಾಡುತ್ತಲೇ 1884ರಲ್ಲಿ ನಿಧನರಾದರು. 1900ರಲ್ಲಿ ವಿಜ್ಞಾನ ಲೋಕ ಅವರನ್ನು ಗುರುತಿಸಿತು.

ಪರೀಕ್ಷೆ ಅಲ್ಲಿಗೆ ಮುಗಿಯಲಿಲ್ಲ. 1936ರಲ್ಲಿ ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಈ ಅಂಕಿಗಳನ್ನು ತೂಗಿ ನೋಡಿದರು. ಪದೇ ಪದೇ ಸಾವಿರ ಸಲ ನಾಣ್ಯ ಚಿಮ್ಮಿದವನು ಪ್ರತಿ ಬಾರಿಯೂ ಸರಿಸುಮಾರು ಐನೂರೇ ಬಿತ್ತೆಂದರೆ ಸಂಶಯ ಬಾರದೇ? ಮೆಂಡೆಲರ ಅಂಕಿಗಳು ನಿರೀಕ್ಷೆಗೆ ಅಷ್ಟು ಹತ್ತಿರವಾಗಿ ಬರುವ ಸಂಭವ ಲಕ್ಷಕ್ಕೆ ಏಳರಷ್ಟೇ ಎಂದು ಫಿಶರ್ ಲೆಕ್ಕ ಹಾಕಿದರು. ಫಲಿತಾಂಶ ಏನಿರಬೇಕೆಂದು ತಿಳಿದಿದ್ದ ಸಹಾಯಕನೊಬ್ಬ ಅಂಕಿಗಳನ್ನು ತಿದ್ದಿರಬಹುದೆಂದು ಅವರು ಊಹಿಸಿದರು. ಮೂಲ ಟಿಪ್ಪಣಿಗಳು ಉಳಿದಿಲ್ಲವಾದ್ದರಿಂದ ಚರ್ಚೆ ದಶಕಗಳ ಕಾಲ ನಡೆಯಿತು. ಆದರೆ ಬೇರೆ ಬೇರೆ ವಿಜ್ಞಾನಿಗಳು ಪ್ರಯೋಗವನ್ನು ಮತ್ತೆ ಮಾಡಿದಾಗಲೂ ಮೂರಕ್ಕೆ ಒಂದರ ಅನುಪಾತವೇ ಸಿಕ್ಕಿತು.

ಮೆಂಡೆಲ್ ನಮ್ಮವರೆಂಬ ಅಭಿಮಾನದಿಂದ ಫಿಶರರ ಪ್ರಶ್ನೆಯನ್ನು ಮುಚ್ಚಿಡಬೇಕಾಗಿಲ್ಲ. ತಾನು ಎಣಿಸಿದ್ದನ್ನು ಅಂಕಿಗಳ ಸಮೇತ ಮುದ್ರಿಸಿದವರು ಅವರೇ. ಎಪ್ಪತ್ತು ವರ್ಷಗಳ ಬಳಿಕವೂ ಅವರ ಲೆಕ್ಕವನ್ನು ತಪಾಸಣೆ ಮಾಡಲು ಸಾಧ್ಯವಾದದ್ದು ಅದರಿಂದಲೇ.