ಹಿಡೆಕಿ ಯುಕಾವಾ

ಹಿಡೆಕಿ ಯುಕಾವಾ (ಜನವರಿ 23, 1907 – ಸೆಪ್ಟೆಂಬರ್ 8, 1981) ಪರಮಾಣುವಿನ ಬೀಜಕೇಂದ್ರವನ್ನು ಹಿಡಿದಿಡುವ ಬಲವನ್ನು ವಿವರಿಸಿದ ಜಪಾನಿನ ಭೌತವಿಜ್ಞಾನಿ. ಟೋಕಿಯೊದಲ್ಲಿ ಜನಿಸಿದ ಇವರು ಕ್ಯೋಟೊದಲ್ಲಿ ಬೆಳೆದು, 1929ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದಿಂದ ಪದವಿ ಪಡೆದರು.

ಧನ ವಿದ್ಯುದಾವೇಶವುಳ್ಳ ಪ್ರೋಟಾನುಗಳು ಪರಸ್ಪರ ವಿಕರ್ಷಿಸುತ್ತವೆ. ಆದರೂ ಬೀಜಕೇಂದ್ರ ಸಿಡಿದುಹೋಗದಿರಲು ಕಾರಣವೇನೆಂಬುದು ಅಂದು ಬಗೆಹರಿಯದ ಸಮಸ್ಯೆಯಾಗಿತ್ತು. ಪ್ರೋಟಾನು, ನ್ಯೂಟ್ರಾನುಗಳು ಒಂದು ಕಣವನ್ನು ವಿನಿಮಯ ಮಾಡಿಕೊಳ್ಳುವುದರಿಂದ ಅವುಗಳ ನಡುವೆ ಆಕರ್ಷಣೆ ಉಂಟಾಗುತ್ತದೆಂದು ಯುಕಾವಾ 1935ರಲ್ಲಿ ಪ್ರತಿಪಾದಿಸಿದರು. ಈ ಬಲದ ವ್ಯಾಪ್ತಿ ಅತ್ಯಲ್ಪವಾದುದರಿಂದ, ಆ ಕಣದ ದ್ರವ್ಯರಾಶಿ ಎಲೆಕ್ಟ್ರಾನಿನ ಸುಮಾರು 200 ಪಟ್ಟು ಇರಬೇಕೆಂದು ಲೆಕ್ಕ ಹಾಕಿದರು. ವಿಶ್ವಕಿರಣಗಳಲ್ಲಿ ಮೊದಲು ಕಂಡುಬಂದ ಮ್ಯುಆನ್ ಅದೇ ಕಣವೆಂದು ಭಾವಿಸಲಾಗಿತ್ತಾದರೂ, ಅದು ಬೀಜಕೇಂದ್ರದೊಡನೆ ಪ್ರಬಲವಾಗಿ ವರ್ತಿಸಲಿಲ್ಲ. 1947ರಲ್ಲಿ ಸೆಸಿಲ್ ಪೊವೆಲ್ ತಂಡವು ಪಯಾನನ್ನು ಪತ್ತೆಹಚ್ಚಿದಾಗ ಸಿದ್ಧಾಂತಕ್ಕೆ ಪುಷ್ಟಿ ದೊರೆಯಿತು.

1949ರಲ್ಲಿ ಯುಕಾವಾ ನೊಬೆಲ್ ಪ್ರಶಸ್ತಿ ಪಡೆದ ಮೊದಲ ಜಪಾನೀಯರಾದರು. 1955ರಲ್ಲಿ ಅಣ್ವಸ್ತ್ರಗಳ ವಿರುದ್ಧದ ರಸೆಲ್–ಐನ್‌ಸ್ಟೈನ್ ಪ್ರಣಾಳಿಕೆಗೆ ಸಹಿ ಹಾಕಿದರು. ಇವರು ಕ್ಯೋಟೊದಲ್ಲಿ ನಿಧನರಾದರು.